ಕಾವೇರಿ ಕನೆಕ್ಷನ್ ಬೇಕಾ? ಮೊದಲು ಮ್ಯಾನ್‌ಹೋಲ್ ಮುಚ್ಚಳ ನೋಡಿ

ನಮ್ಮ ಭಾವ ಬೆಂಗಳೂರಿನ ಮಹದೇವಪುರದ ಕಡೆ 30-40ರ ಸೈಟಿನಲ್ಲಿ ಮನೆ ಕಟ್ಟಿಸುವಾಗ ಮೊದಲ ದಿನದಿಂದಲೂ ಅವರಿಗೆ ಒಂದೇ ಚಿಂತೆ: ಕಾವೇರಿ ಯಾವಾಗ ಬರುತ್ತೆ? ಪಾಯ ತೋಡುವಾಗಲೂ ಅದೇ ಮಾತು. ಮೋಲ್ಡ್ ಹಾಕಿದ ದಿನ ಊಟಕ್ಕೆ ಕೂತಾಗಲೂ ಅದೇ ಮಾತು. ಸಂಪು ಎಷ್ಟು ದೊಡ್ಡದಿರಬೇಕು, ಮೇಲಿನ ಟ್ಯಾಂಕ್ ಯಾವ ಕಂಪನಿಯದು ಅಂತ ಮನೆಮಂದಿಯೆಲ್ಲ ಚರ್ಚೆ ಮಾಡಿದ್ದೇ ಮಾಡಿದ್ದು. ಒಳಗೆ ಬಂದ ನೀರು ಹೊರಗೆ ಹೇಗೆ ಹೋಗುತ್ತೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಿದವನು ಪ್ಲಂಬರ್. ಅದೂ ಟೈಲ್ಸ್ ಕೂರಿಸಿ ಮುಗಿದ ಮೇಲೆ. ತೆಳ್ಳಗಿನ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಹಿಂದಿನ ಬಚ್ಚಲ ಬಾಗಿಲಲ್ಲಿ ಹುಡುಗನ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಹಿಡಿದುಕೊಂಡು ರಸ್ತೆಯ ಮ್ಯಾನ್‌ಹೋಲ್ ಹತ್ತಿರ ನಿಂತ. ನೀರು ನಿಂತ ಮಟ್ಟಕ್ಕೆ ಎರಡೂ ಕಡೆ ಪೆನ್ಸಿಲ್ ಗೆರೆ ಬಿತ್ತು. ಟೇಪು ಹಿಡಿದು ನೋಡಿ ತಲೆ ಕೆರೆದುಕೊಂಡ.

"ಸಾರ್, ನಿಮ್ಮ ಬಚ್ಚಲು ರಸ್ತೆಗಿಂತ ಒಂಬತ್ತಿಂಚು ಕೆಳಗಿದೆ."

"ಅದಕ್ಕೇನೀಗ? ಪೈಪ್ ಹಾಕಿದ್ರಾಯ್ತಲ್ಲ" ಅಂದರು ಭಾವ.

ಅವನು ನಕ್ಕ. "ಕುಡಿಯೋ ನೀರು ಮೇಲಕ್ಕೆ ಬೇಕಾದ್ರೂ ಹತ್ತುತ್ತೆ ಸಾರ್. ಇದು ಹತ್ತಲ್ಲ."

ಹೊಸ ಮನೆಗೆ ನೀರು ಮತ್ತು ಒಳಚರಂಡಿ ಸಂಪರ್ಕ ಪಡೆಯುವ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲೇ. ಎರಡಕ್ಕೂ ಅರ್ಜಿ ಒಂದೇ, ಕಚೇರಿ ಒಂದೇ, ಬಿಲ್ಲೂ ಒಂದೇ. ಹಾಗಾಗಿ ಎರಡೂ ಒಂದೇ ಜಾತಿಯ ಕೆಲಸ ಅಂದುಕೊಳ್ಳುತ್ತೇವೆ. ಆದರೆ ಒಂದು ಒತ್ತಡದ ಮಾತು ಕೇಳುತ್ತದೆ, ಇನ್ನೊಂದು ಇಳಿಜಾರಿನ ಮಾತು ಮಾತ್ರ ಕೇಳುತ್ತದೆ. ಒತ್ತಡ ಕಮ್ಮಿಯಾದರೆ ಸಂಪು, ಮೋಟರ್ ಅಂತ ದಾರಿ ಇದೆ. ಇಳಿಜಾರು ತಪ್ಪಿದರೆ ನೆಲ ಒಡೆಯಬೇಕು.

ಇಳಿಜಾರಿನ ಲೆಕ್ಕ

ಭಾವನ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಬಚ್ಚಲು ಇರುವುದು ಸೈಟಿನ ಹಿಂಭಾಗದಲ್ಲಿ. ಅಲ್ಲಿಂದ ಗೇಟು 40 ಅಡಿ, ಗೇಟಿನಿಂದ ಮ್ಯಾನ್‌ಹೋಲ್ 20 ಅಡಿ. ಒಟ್ಟು 60 ಅಡಿ. ನಾಲ್ಕಿಂಚಿನ ಪೈಪಿಗೆ ಮೇಸ್ತ್ರಿಗಳು ಹಿಡಿಯುವ ಲೆಕ್ಕ ನಲವತ್ತು ಅಡಿಗೆ ಒಂದಡಿ ಇಳಿತ. ಅಂದರೆ 60 ಅಡಿಗೆ ಒಂದೂವರೆ ಅಡಿ. ಪೈಪು ಬಚ್ಚಲ ನೆಲದಿಂದ ಒಂದಡಿ ಕೆಳಗೆ ಶುರುವಾಗುತ್ತದೆ. ಬಚ್ಚಲು ಆಗಲೇ ರಸ್ತೆಗಿಂತ ಒಂಬತ್ತಿಂಚು ತಗ್ಗು. ಎಲ್ಲ ಕೂಡಿಸಿ: ಮ್ಯಾನ್‌ಹೋಲ್ ಮುಟ್ಟುವ ಹೊತ್ತಿಗೆ ಪೈಪು ರಸ್ತೆಯಿಂದ ಮೂರಡಿ ಮೂರಿಂಚು ಆಳದಲ್ಲಿರಬೇಕು. ಮ್ಯಾನ್‌ಹೋಲಿನ ತಳ ಎಷ್ಟು ಆಳ? ಬರೀ ಮೂರಡಿ.

ಮನೆಯ ಪೈಪು ತಳಕ್ಕೆ ಸೇರಿದರೂ ಸಾಲದು. ಅಲ್ಲಿ ರಸ್ತೆಯವರೆಲ್ಲರ ನೀರು ಹರಿಯುತ್ತಿರುತ್ತದೆ. ಅದರ ಮಟ್ಟಕ್ಕಿಂತ ಮೇಲೆ, ಕನಿಷ್ಠ ಆರಿಂಚಾದರೂ ಎತ್ತರದಲ್ಲಿ ನಮ್ಮ ಪೈಪು ಬಾಯಿ ತೆರೆಯಬೇಕು. ಇಲ್ಲದಿದ್ದರೆ ಲೈನು ತುಂಬಿ ಹರಿದ ದಿನ ಅವರ ನೀರು ನಮ್ಮ ಮನೆ ನೋಡಲು ಬರುತ್ತದೆ. ಹೀಗೆ ಮೂರು ಮತ್ತು ಆರು, ಒಟ್ಟು ಒಂಬತ್ತಿಂಚು ಕೊರತೆ.

ಪರಿಹಾರ ಒಂದೇ ಇತ್ತು. ಹೊಸ ಟೈಲ್ಸ್ ಕಿತ್ತು ಬಚ್ಚಲ ನೆಲವನ್ನು ಒಂಬತ್ತಿಂಚು ಎತ್ತರಿಸಿದೆವು. ಇವತ್ತಿಗೂ ಆ ಮನೆಯಲ್ಲಿ ಸ್ನಾನಕ್ಕೆ ಮೆಟ್ಟಿಲು ಹತ್ತಿ ಹೋಗಬೇಕು. ಅಕ್ಕ ಅದಕ್ಕೆ "ಸ್ನಾನದ ಮಂಟಪ" ಅಂತ ಹೆಸರಿಟ್ಟಿದ್ದಾಳೆ. ಬಂದವರೆಲ್ಲ ಡಿಸೈನ್ ಅಂದುಕೊಂಡು ಹೊಗಳಿ ಹೋಗುತ್ತಾರೆ.

ಇಳಿಜಾರು ಯಾಕಿಷ್ಟು ಬೇಕು? ಪೈಪಿನಲ್ಲಿ ಹೋಗುವುದು ಬರೀ ನೀರಲ್ಲ. ಗಟ್ಟಿ ಪದಾರ್ಥವನ್ನೂ ನೀರೇ ಹೊತ್ತುಕೊಂಡು ಹೋಗಬೇಕು. ಅದಕ್ಕೆ ಸೆಕೆಂಡಿಗೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ವೇಗ ಬೇಕು. ಇಳಿಜಾರು ಕಮ್ಮಿಯಾದರೆ ನೀರು ಮೆಲ್ಲಗೆ ಜಾರಿಹೋಗುತ್ತದೆ, ಉಳಿದದ್ದು ಅಲ್ಲೇ ಕೂರುತ್ತದೆ. ನಾಳೆ ಅದರ ಮೇಲೆ ಇನ್ನಷ್ಟು. ಅಡುಗೆಮನೆಯ ಜಿಡ್ಡು ಅದಕ್ಕೆ ಗಾರೆಯಿದ್ದಂತೆ. ಆರು ತಿಂಗಳಲ್ಲಿ ಬ್ಲಾಕ್.

ಹಾಗಾಗಿ ನನ್ನ ಸಲಹೆ ಇಷ್ಟು. ಪಾಯದ ಮಟ್ಟ ಗುರುತು ಮಾಡುವ ಮೊದಲೇ ಮ್ಯಾನ್‌ಹೋಲಿನ ಆಳ ಗೊತ್ತು ಮಾಡಿಕೊಳ್ಳಿ. ಪಾಯದ ಎತ್ತರವನ್ನು ಸೈಟಿನ ಮಣ್ಣಿನಿಂದ ಅಳೆಯಬೇಡಿ, ರಸ್ತೆಯಿಂದ ಅಳೆಯಿರಿ. ನಾವು ಮಾಡಿದ ತಪ್ಪು ಅದೇ. ಇನ್ನೊಂದು ಮಾತು: ಬೆಂಗಳೂರಿನಲ್ಲಿ ರಸ್ತೆಗಳು ಬೆಳೆಯುತ್ತವೆ. ಹಳೇ ಟಾರು ಕೆರೆಯದೆ ಮೇಲೆ ಮೇಲೆ ಟಾರು ಹಾಕಿ ಹಾಕಿ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಈಗ ಇಳಿದು ಹೋಗಬೇಕಾಗಿದೆ. ಹಳೇ ಬಡಾವಣೆಗಳಲ್ಲಿ ಒಮ್ಮೆ ಸುತ್ತಾಡಿ ನೋಡಿ. ಆದ್ದರಿಂದ ಇವತ್ತಿನ ರಸ್ತೆ ಮಟ್ಟಕ್ಕೆ ಒಂದಷ್ಟು ಸೇರಿಸಿಯೇ ಲೆಕ್ಕ ಹಾಕಿ.

ಆಳ ನೋಡೋಣ ಅಂತ ನೀವೇ ಮುಚ್ಚಳ ಎತ್ತಲು ಹೋಗಬೇಡಿ. ಯಾರನ್ನೋ ಕರೆದು ಇಳಿಸುವುದಂತೂ ಬೇಡವೇ ಬೇಡ. ಒಳಗಿನ ಅನಿಲ ಎರಡು ಉಸಿರಿಗೇ ಎಚ್ಚರ ತಪ್ಪಿಸಬಹುದು. ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸಿ ಶುಚಿ ಮಾಡಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಕಟ್ಟಿಕೊಂಡರೆ ಯಂತ್ರದ ಗಾಡಿಯೇ ಬರಬೇಕು. ಬೆಂಗಳೂರಿನ ನೀರು, ಒಳಚರಂಡಿ ನೋಡಿಕೊಳ್ಳುವುದು ಜಲಮಂಡಳಿ. ನಿಮ್ಮ ಏರಿಯಾದ ಅದರ ಸೇವಾಠಾಣೆಯಲ್ಲಿ ಕೇಳಿ, ಇಲ್ಲವೇ 1916ಕ್ಕೆ ಫೋನ್ ಮಾಡಿ. ಮಂಡಳಿಯವರೇ ಬಂದು ಮುಚ್ಚಳ ತೆಗೆದಾಗ ಮೇಲಿನಿಂದ ಕೋಲು ಇಳಿಸಿದರೆ ಆಳ ಸಿಗುತ್ತದೆ.

ಮನೆಯೊಳಗಿನ ಒಂದೆರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಗೇಟಿನ ಒಳಗಡೆ ಒಂದು ಚೇಂಬರ್, ಅಂದರೆ ಪೈಪು ಬ್ಲಾಕ್ ಆದಾಗ ತೆಗೆದು ನೋಡುವ ಸಣ್ಣ ತೊಟ್ಟಿ, ಇರಲೇಬೇಕು, ಅದರ ಮುಚ್ಚಳ ತೆಗೆಯುವಂತಿರಬೇಕು. ಕೆಲವರು ಚಂದ ಕಾಣಲಿ ಅಂತ ಅದರ ಮೇಲೆ ಗ್ರಾನೈಟ್ ಹಾಸಿಬಿಡುತ್ತಾರೆ, ಬ್ಲಾಕ್ ಆದ ದಿನ ಸುತ್ತಿಗೆ ಹುಡುಕುತ್ತಾರೆ. ಪೈಪು ತಿರುಗುವ ಕಡೆಯೆಲ್ಲ ಒಂದು ಚೇಂಬರ್ ಇದ್ದರೆ ಒಳ್ಳೆಯದು. ನೆಲದ ಜಾಲರಿಯ ಕೆಳಗಿರುವ ಟ್ರ್ಯಾಪಿನಲ್ಲಿ ಎರಡಿಂಚು ನೀರು ಸದಾ ನಿಂತಿರುತ್ತದೆ. ಚರಂಡಿಯ ವಾಸನೆ ಒಳಗೆ ಬಾರದಂತೆ ತಡೆಯುವುದು ಆ ಎರಡಿಂಚು ನೀರೇ. ಅತಿಥಿಗಳ ಬಚ್ಚಲು ಯಾಕೆ ನಾರುತ್ತೆ ಅಂತ ಅಡಿಗಡಿಗೆ ಫಿನಾಯಿಲ್ ಹಾಕುವವರು ಒಂದು ಚೊಂಬು ನೀರು ಹುಯ್ದು ನೋಡಿ. ಬಳಸದೆ ಬಿಟ್ಟು ಟ್ರ್ಯಾಪ್ ಒಣಗಿರುತ್ತದೆ, ಅಷ್ಟೇ.

ತಾರಸಿಯ ಮಳೆನೀರಿನ ಪೈಪನ್ನು ಮಾತ್ರ ಸುಮ್ನೆ ಹತ್ತಿರ ಸಿಕ್ಕಿತು ಅಂತ ಈ ಚೇಂಬರಿಗೆ ಬಿಡಬೇಡಿ. ಒಳಚರಂಡಿಯ ಪೈಪುಗಳ ಅಳತೆಯನ್ನು ಮನೆಗಳ ಬಳಕೆಯ ನೀರಿಗೆ ಲೆಕ್ಕ ಹಾಕಿರುತ್ತಾರೆ, ಮಳೆಗಲ್ಲ. 1,200 ಚದರಡಿ ತಾರಸಿಯ ಮೇಲೆ ಒಂದು ಗಂಟೆಯಲ್ಲಿ ಒಂದಿಂಚು ಮಳೆ ಬಿದ್ದರೆ ಹತ್ತಿರ ಹತ್ತಿರ 2,800 ಲೀಟರ್ ನೀರು. ಬೀದಿಯ ಇಪ್ಪತ್ತು ಮನೆಯವರೂ ಹಾಗೆ ಬಿಟ್ಟರೆ? ತಗ್ಗಿನಲ್ಲಿರುವ ಮನೆಯ ಬಚ್ಚಲಲ್ಲಿ ಎಲ್ಲರ ಕೊಳೆಯೂ ಉಕ್ಕುತ್ತದೆ. ಮಳೆಗಾಲದಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳು ಕುಣಿಯುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ನೂರು ಕಿಲೋಮೀಟರ್ ದೂರದ ನೀರು

ಈಗ ಎಲ್ಲರಿಗೂ ಇಷ್ಟವಾದ ಭಾಗ.

ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು 1896ರಲ್ಲಿ, ಹೆಸರಘಟ್ಟದಿಂದ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿಯ ನೀರು. ನಗರ ಬೆಳೆದಂತೆ ಅದು ಸಾಲದಾಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು, 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಸುಮಾರು ನೂರು ಕಿಲೋಮೀಟರ್ ದೂರ ಬರಬೇಕು. ದೂರವಾದರೂ ಪರವಾಗಿಲ್ಲ, ಆದರೆ ನಗರ ಇರುವುದು ನದಿಗಿಂತ ಸುಮಾರು 500 ಮೀಟರ್ ಎತ್ತರದಲ್ಲಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಮಾಡಿ ಮೇಲಕ್ಕೆ ಎತ್ತುತ್ತಾರೆ. ನಮ್ಮ ನಲ್ಲಿಯಲ್ಲಿ ಬರುವ ನೀರಿನ ಅರ್ಧ ಬೆಲೆ ಕರೆಂಟಿನ ಬೆಲೆ ಅಂತ ತಮಾಷೆಗೆ ಹೇಳುತ್ತಾರೆ. ಆ ತಮಾಷೆಯಲ್ಲಿ ಸತ್ಯ ಬೇಕಾದಷ್ಟಿದೆ.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳವರು ಬೋರ್‌ವೆಲ್, ಟ್ಯಾಂಕರ್ ಅಂತಲೇ ವರ್ಷಗಟ್ಟಲೆ ಕಳೆದರು. 2024ರ ಬೇಸಿಗೆಯ ನೀರಿನ ಬರ ಯಾರೂ ಮರೆತಿಲ್ಲ ಅಲ್ವಾ? ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಈ ಹಳ್ಳಿಗಳಿಗಾಗಿ. ಈಗ ಅರ್ಜಿಗಳ ಭರಾಟೆ ಇರುವುದೂ ಅಲ್ಲೇ.

ಇಷ್ಟು ದೂರದಿಂದ ನೀರು ತರಲು ಹಾಕಿದ ಬಂಡವಾಳದಲ್ಲಿ ಒಂದು ಪಾಲನ್ನು ಹೊಸದಾಗಿ ಸೇರುವವರಿಂದ ಮಂಡಳಿ ಕೇಳುತ್ತದೆ. ಡಿಮ್ಯಾಂಡ್ ನೋಟಿಸಿನಲ್ಲಿ "ಪ್ರೊರೇಟಾ" ಅಂತ ಕಾಣುವ ಮೊತ್ತ ಅದೇ. ಅದು ಕಟ್ಟಡದ ಅಳತೆಯ ಮೇಲೆ ನಿಲ್ಲುತ್ತದೆ, ಮನೆಯಲ್ಲಿರುವ ಜನರ ಮೇಲಲ್ಲ. ಮೂವರಿರುವ ಮೂರು ಮಹಡಿ ಮನೆಗೆ ಜಾಸ್ತಿ, ಎಂಟು ಜನ ಇರುವ ಸಣ್ಣ ಮನೆಗೆ ಕಮ್ಮಿ. ಇದರ ಜೊತೆಗೆ ಠೇವಣಿ, ಪರಿಶೀಲನೆ ಶುಲ್ಕ, ಮೀಟರಿನ ಬೆಲೆ, ಹೊರವಲಯದವರಾದರೆ ಫಲಾನುಭವಿ ವಂತಿಗೆ. ನೋಟಿಸ್ ನೋಡಿದ ತಕ್ಷಣ "ಲಂಚ ಸೇರಿಸಿದ್ದಾರಾ?" ಅಂತ ಕೇಳಿದರು ಭಾವ. ಇಲ್ಲ, ಪ್ರತಿ ಸಾಲಿಗೂ ಒಂದು ಲೆಕ್ಕ ಇರುತ್ತದೆ. ಯಾವ ಸಾಲು ಯಾಕೆ ಅಂತ ಕಚೇರಿಯಲ್ಲಿ ಕೂತು ಕೇಳಿ, ಅದು ನಿಮ್ಮ ಹಕ್ಕು. ಒಂದೇ ಸಲ ಕಟ್ಟಲಾಗದವರಿಗೆ ಕಂತಿನ ಅವಕಾಶವನ್ನೂ ಮಂಡಳಿ ಇತ್ತೀಚೆಗೆ ಕೊಟ್ಟಿದೆ, ಅದನ್ನೂ ವಿಚಾರಿಸಿ.

ಅಪಾರ್ಟ್‌ಮೆಂಟಿನ ಕಥೆ ಬೇರೆ. ಅಲ್ಲಿ ಈ ಮೊತ್ತ ಲಕ್ಷಗಳಲ್ಲಿರುತ್ತದೆ. ಬಿಲ್ಡರ್ ಕಟ್ಟಿದ್ದಾನೋ ಇಲ್ಲವೋ ಅಂತ ಫ್ಲ್ಯಾಟ್ ಕೊಳ್ಳುವ ಮೊದಲೇ ರಸೀದಿ ಕೇಳಿ ನೋಡಿ. "ಕಾವೇರಿ ಬರುತ್ತೆ ಸಾರ್, ಲೈನ್ ಗೇಟಿನ ಮುಂದೇನೇ ಇದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಗೇಟಿನ ಮುಂದಿನ ಲೈನಿಗೂ ನಿಮ್ಮ ಸಂಪಿಗೂ ನಡುವೆ ಇರುವುದೇ ಆ ರಸೀದಿ.

ಕಾಗದದ ಕೆಲಸ

ಅರ್ಜಿಯನ್ನು ಮಂಡಳಿಯ ವೆಬ್‌ಸೈಟಿನಲ್ಲೇ ಹಾಕಬಹುದು. ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಮಂಜೂರಾದ ಪ್ಲಾನ್, ಗುರುತಿನ ಚೀಟಿ ಮತ್ತು ಮಳೆನೀರು ಕೊಯ್ಲು ಮಾಡಿಸಿದ್ದಕ್ಕೆ ಫೋಟೋ ಮುಖ್ಯವಾಗಿ ಬೇಕು. ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಲಿ. ಖಾತೆಯಲ್ಲಿ ತಂದೆಯ ಹೆಸರು, ತೆರಿಗೆ ರಸೀದಿಯಲ್ಲಿ ಮಗನ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಮಳೆನೀರು ಕೊಯ್ಲಿನ ಫೋಟೋ ಯಾಕೆ ಅಂದರೆ, 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಕಡ್ಡಾಯ ಮಾಡಿದರು. ಹೊಸದಾಗಿ ಕಟ್ಟುವವರಿಗೆ 30-40ರ ಸೈಟಿನಿಂದಲೇ ಅನ್ವಯ, ಹಳೇ ಮನೆಗಳಿಗೆ 60-40ರಿಂದ. ಮಾಡಿಸದಿದ್ದರೆ ನೀರಿನ ಬಿಲ್ಲಿನಲ್ಲೇ ದಂಡ ಸೇರುತ್ತಾ ಹೋಗುತ್ತದೆ. ಫೋಟೋಗೆ ಅಂತ ಒಂದು ಡ್ರಮ್ಮು ತಂದಿಟ್ಟು ಆಮೇಲೆ ವಾಪಸ್ ಕಳಿಸುವ ಮನೆಗಳೂ ಇವೆ. ಯಾರಿಗೆ ಮೋಸ? ತಾರಸಿಯ ನೀರನ್ನು ಒಂದು ಫಿಲ್ಟರ್ ಮೂಲಕ ಸಂಪಿಗೋ ಇಂಗುಗುಂಡಿಗೋ ಬಿಟ್ಟರೆ ಮಳೆಗಾಲದ ಎಷ್ಟೋ ದಿನ ಟ್ಯಾಂಕರ್ ಮುಖ ನೋಡಬೇಕಿಲ್ಲ.

ಇತ್ತೀಚೆಗೆ ಎಲ್ಲರನ್ನೂ ಕಾಡಿದ ಕಾಗದ ಒಂದಿದೆ: ಸ್ವಾಧೀನಾನುಭವ ಪತ್ರ. ಎಲ್ಲರೂ ಒಸಿ ಅಂತಲೇ ಕರೆಯುತ್ತಾರೆ. ಕಟ್ಟಡವನ್ನು ಪ್ಲಾನ್ ಪ್ರಕಾರವೇ ಕಟ್ಟಿದ್ದಾರೆ, ಇನ್ನು ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ ಅದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಉತ್ತರ ಪ್ರದೇಶದ ಒಂದು ಅಕ್ರಮ ಕಟ್ಟಡದ ಕೇಸು ಅದು. ಒಸಿ ತೋರಿಸದೆ ಯಾವ ಕಟ್ಟಡಕ್ಕೂ ಕರೆಂಟು, ನೀರು, ಒಳಚರಂಡಿ ಕೊಡಬಾರದು ಅಂತ ಅದರಲ್ಲಿ ಹೇಳಿದ್ದು ಇಡೀ ದೇಶಕ್ಕೆ ಅನ್ವಯವಾಯಿತು. ಇಲ್ಲಿ ಒಸಿ ಪಡೆಯುವ ಅಭ್ಯಾಸವೇ ಇಲ್ಲದ ಸಾವಿರಾರು ಸಣ್ಣ ಮನೆಗಳವರು ಕಂಗಾಲಾದರು. ಗೃಹಪ್ರವೇಶ ಆಗಿದೆ, ಕರೆಂಟಿಲ್ಲ, ನೀರಿಲ್ಲ. ಕೊನೆಗೆ 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನಲ್ಲಿರುವ ಸಣ್ಣ ವಾಸದ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು. ನೆಲಮಹಡಿಯ ಮೇಲೆ ಎರಡು ಮಹಡಿ, ಇಲ್ಲವೇ ಕೆಳಗೆ ಪಾರ್ಕಿಂಗ್ ಬಿಟ್ಟು ಮೂರು ಮಹಡಿ, ಅಷ್ಟಕ್ಕೆ ಮಾತ್ರ. ನಿಮ್ಮ ಸೈಟು ಅದಕ್ಕಿಂತ ದೊಡ್ಡದಾದರೆ ಒಸಿಯ ಕೆಲಸವನ್ನು ಮೊದಲು ಹಿಡಿಯಿರಿ. ಒಸಿ ಬೇಡ ಅಂದಮಾತ್ರಕ್ಕೆ ಬೇರೆ ಕಾಗದ ಬೇಡ ಅಂತಲೂ ಅಲ್ಲ.

ಅರ್ಜಿ ಹಾಕಿದ ಮೇಲೆ ಇಂಜಿನಿಯರ್ ಜಾಗಕ್ಕೆ ಬಂದು ನೋಡುತ್ತಾರೆ. ಯಾವ ಲೈನಿನಿಂದ ಕೊಡಬಹುದು, ರಸ್ತೆಯನ್ನು ಎಷ್ಟು ಅಗೆಯಬೇಕು, ಒಳಚರಂಡಿ ಯಾವ ಮ್ಯಾನ್‌ಹೋಲಿಗೆ ಅಂತ ಬರೆದುಕೊಳ್ಳುತ್ತಾರೆ. ಆ ದಿನ ನೀವೂ ಅಲ್ಲಿರಿ, ಜೊತೆಗೆ ಪ್ಲಂಬರ್ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಡಿಮ್ಯಾಂಡ್ ನೋಟಿಸ್, ದುಡ್ಡು ಕಟ್ಟುವುದು, ಕೆಲಸಕ್ಕೆ ಅನುಮತಿ.

ರಸ್ತೆ ಅಗೆಯಲು ಬೇರೆಯದೇ ಅನುಮತಿ ಬೇಕು. ಪೈಪು ಜಲಮಂಡಳಿಯದು, ಆದರೆ ರಸ್ತೆ ಪಾಲಿಕೆಯದು. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಮಹದೇವಪುರದವರಾದರೆ ಪೂರ್ವ ನಗರ ಪಾಲಿಕೆ. ಆ ಶುಲ್ಕ ಕಟ್ಟದೆ ರಾತ್ರೋರಾತ್ರಿ ಅಗೆಸಿದರೆ ದಂಡ ಬೀಳುತ್ತದೆ, ಅಕ್ಕಪಕ್ಕದವರ ಜೊತೆ ಜಗಳ ಬೇರೆ.

ಬೋರ್‌ವೆಲ್ ಇದೆ, ಕಾವೇರಿ ಸದ್ಯಕ್ಕೆ ಬೇಡ ಅನ್ನುವವರು ಒಳಚರಂಡಿ ಸಂಪರ್ಕ ಒಂದನ್ನೇ ತೆಗೆದುಕೊಳ್ಳಬಹುದು. ಅದಕ್ಕೆ ತಿಂಗಳಿಗೆ ಇಂತಿಷ್ಟು ಅಂತ ಶುಲ್ಕ ಇರುತ್ತದೆ. ಲೈನು ಇನ್ನೂ ಬಂದಿಲ್ಲದ ಕಡೆ ಸೆಪ್ಟಿಕ್ ಟ್ಯಾಂಕೇ ಗತಿ. ಅದನ್ನು ಸಂಪಿನಿಂದ, ಬೋರ್‌ವೆಲ್ಲಿನಿಂದ ಸೈಟಿನಲ್ಲಿ ಸಾಧ್ಯವಾದಷ್ಟು ದೂರ ಇಡಿ. ಮುಂದೆ ಲೈನು ಬಂದಾಗ ಸೇರಿಸಲು ಅನುಕೂಲವಾಗುವಂತೆ ರಸ್ತೆ ಕಡೆಗೆ ಒಂದು ಪೈಪು ಈಗಲೇ ಹಾಕಿ ಬಾಯಿ ಮುಚ್ಚಿಟ್ಟರೆ ಮುಂದೊಂದು ದಿನ ಅಂಗಳ ಒಡೆಯುವುದು ತಪ್ಪುತ್ತದೆ.

ಬೆಂಗಳೂರಿನ ಆಚೆ ಕಚೇರಿಗಳ ಹೆಸರು ಬೇರೆ, ಕೆಲಸದ ಸ್ವಭಾವ ಇದೇ. ಬೇರೆ ನಗರಗಳಲ್ಲಿ ಪೈಪುಲೈನಿನ ದೊಡ್ಡ ಕಾಮಗಾರಿಗಳನ್ನು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡುತ್ತದೆ, ಅರ್ಜಿ ಮಾತ್ರ ನಗರಸಭೆ ಅಥವಾ ಪಾಲಿಕೆಗೆ. ಮೈಸೂರಿನವರಿಗೆ ವಾಣಿವಿಲಾಸ ನೀರು ಸರಬರಾಜು ಕಚೇರಿ ಗೊತ್ತೇ ಇದೆ. ಹಳ್ಳಿಯಲ್ಲಿ ಪಂಚಾಯಿತಿ, ಮತ್ತೆ ಯಾವ ಬೀದಿಗೆ ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡುವ ನೀರುಗಂಟಿ.

ಗುಂಡಿಯೊಳಗೆ

ಕನೆಕ್ಷನ್ ಕೊಡುವ ದಿನ ಆಫೀಸಿಗೆ ರಜೆ ಹಾಕಿ ನಿಲ್ಲಿ. ನಾನು ನಿಂತಿದ್ದೆ, ನಿಂತಿದ್ದಕ್ಕೆ ಲಾಭವೂ ಆಯಿತು.

ರಸ್ತೆಯ ದೊಡ್ಡ ಪೈಪಿನ ಸುತ್ತ ಮಣ್ಣು ಬಿಡಿಸಿ, ಮೊದಲು ಅದಕ್ಕೊಂದು ಪಟ್ಟಿ ಬಿಗಿದರು. ಪಟ್ಟಿಯ ನೆತ್ತಿಯಲ್ಲಿ ತೂತು. ಆ ತೂತಿನ ಮೂಲಕವೇ ಪೈಪನ್ನು ಕೊರೆಯುತ್ತಾರೆ. ಮೇಲ್ಭಾಗದಲ್ಲೇ ಯಾಕೆ? ಪೈಪಿನ ತಳದಲ್ಲಿ ಹೂಳು ಇರುತ್ತದೆ, ಕೆಳಗೆ ಕೊರೆದರೆ ಅದೆಲ್ಲ ಮನೆಗೇ ಬರುತ್ತದೆ. ಕೊರೆದ ಜಾಗಕ್ಕೆ ಹಿತ್ತಾಳೆಯ ಒಂದು ಪುಟ್ಟ ತುಂಡು ತಿರುಗಿಸಿ ಕೂರಿಸಿದರು. ಅದೇ ಫೆರೂಲ್. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಆದರೆ ನಿಮ್ಮ ಮನೆಗೆ ಎಷ್ಟು ನೀರು ಅಂತ ತೀರ್ಮಾನ ಮಾಡುವುದು ಅದರ ತೂತು. ಮನೆಯೊಳಗೆ ಎಷ್ಟೇ ದಪ್ಪ ಪೈಪು ಹಾಕಿಸಿದರೂ ಫೆರೂಲ್ ದಾಟಿ ಬಂದಷ್ಟೇ ನೀರು. ಸಾಮಾನ್ಯ ಮನೆಗೆ ಅರ್ಧ ಇಂಚಿನ ಸಂಪರ್ಕ ಕೊಡುತ್ತಾರೆ. "ಸ್ವಲ್ಪ ದೊಡ್ಡದು ಹಾಕಪ್ಪ" ಅಂತ ಪಕ್ಕದ ಮನೆಯವರು ಪಿಸುಗುಟ್ಟಿದ್ದರು. ಹಾಗೆ ಮಾಡಿದರೆ ಅದು ಅಕ್ರಮ. ಬೀದಿಯ ಕೊನೆಯ ಮನೆಗೆ ನೀರು ಬರದಿರುವುದು ಇಂಥ ಪಿಸುಮಾತುಗಳಿಂದಲೇ.

ಫೆರೂಲಿನಿಂದ ಹೊರಟ ಪೈಪನ್ನು ನೆಟ್ಟಗೆ ಎಳೆದು ಕಟ್ಟದೆ ಸ್ವಲ್ಪ ಬಾಗು ಬಿಟ್ಟರು. ಮೇಲೆ ಲಾರಿ ಓಡಿ ಮಣ್ಣು ಕುಸಿದರೂ ಪೈಪು ಬಿಗಿದು ಮುರಿಯದಿರಲಿ ಅಂತ. ಇಂಥ ಸಣ್ಣ ಜಾಣ್ಮೆಗೆ ಯಾವ ಫಾರಂನಲ್ಲೂ ಜಾಗ ಇಲ್ಲ.

ಲಾಭ ಆಯಿತು ಅಂದೆನಲ್ಲ, ಅದು ಇದು. ಅಗೆಯುವ ಹುಡುಗರು ಒಂದೇ ಗುಂಡಿಯಲ್ಲಿ ಎರಡೂ ಪೈಪು ಹಾಕಲು ಹೊರಟಿದ್ದರು. ಒಂದು ಗುಂಡಿ, ಒಂದು ಕೂಲಿ. ಪ್ಲಂಬರ್ ಬೈದು ನಿಲ್ಲಿಸಿದ. ಅವನು ಹೇಳಿದ ಕಾರಣ ಎಲ್ಲರಿಗೂ ಗೊತ್ತಿರಬೇಕು. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಎರಡು ದಿನಕ್ಕೊಮ್ಮೆ, ಕೆಲವು ಗಂಟೆ. ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದ ಮೇಲೆ ಪೈಪು ಬರಿದಾಗುತ್ತದೆ. ಆಗ ಅದೇ ಬಿರುಕು ಹೊರಗಿನದನ್ನು ಒಳಗೆ ಹೀರುತ್ತದೆ. ಹೊರಗೆ ಒಳಚರಂಡಿಯ ಸೋರಿಕೆ ಇದ್ದರೆ ಅದನ್ನೇ ಹೀರುತ್ತದೆ. ನಲ್ಲಿಯಲ್ಲಿ ವಾಸನೆ ನೀರು, ಬೀದಿಗೆಲ್ಲ ವಾಂತಿಭೇದಿ ಅಂತ ಆಗಾಗ ಸುದ್ದಿ ಓದುತ್ತೇವಲ್ಲ, ಅದರ ಹಿಂದೆ ಎಷ್ಟೋ ಸಲ ಇರುವುದು ಇಂಥದೇ ಒಂದು ಗುಂಡಿ. ಆದ್ದರಿಂದ ಎರಡಕ್ಕೂ ನಡುವೆ ಜಾಗ ಬಿಡಬೇಕು. ಅಡ್ಡ ಹಾಯಲೇಬೇಕಾದರೆ ಕುಡಿಯುವ ನೀರಿನ ಪೈಪು ಮೇಲೆ, ಒಳಚರಂಡಿ ಕೆಳಗೆ. ಹಾಯುವ ಜಾಗದಲ್ಲಿ ಎರಡರಲ್ಲೂ ಜಾಯಿಂಟ್ ಇರಬಾರದು. ನಾವು ನೀರಿನ ಪೈಪನ್ನು ಗೇಟಿನ ಎಡಕ್ಕೆ, ಒಳಚರಂಡಿಯನ್ನು ಬಲಕ್ಕೆ ತಂದೆವು. ಎರಡನೇ ಗುಂಡಿಯ ಕೂಲಿ ಒಂದು ಟ್ಯಾಂಕರ್ ನೀರಿನ ಬೆಲೆಗಿಂತ ಸ್ವಲ್ಪ ಜಾಸ್ತಿ ಬಿತ್ತು.

ಮೀಟರಿನ ಮೇಲೆ ಬಾಣದ ಗುರುತಿರುತ್ತದೆ, ನೀರು ಹರಿದು ಹೋಗುವ ದಿಕ್ಕಿಗೆ ಅದು ಸರಿಯಾಗಿರಬೇಕು. ಮೀಟರು ಮಟ್ಟವಾಗಿ, ಓದುವವರಿಗೆ ಕಾಣುವ ಜಾಗದಲ್ಲಿರಲಿ. ಕಾರಿನ ಚಕ್ರದ ಕೆಳಗೆ ಬೇಡ. ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ ಸಾವಿರ ಲೀಟರು. ಬಿಲ್ಲಿಗೆ ಅವೇ ಲೆಕ್ಕ. ಕೆಂಪು ಅಂಕಿಗಳು ಅದಕ್ಕಿಂತ ಕಮ್ಮಿ. ನೀರು ಬರುವ ಮೊದಲು ಪೈಪಿನ ಗಾಳಿ ನುಗ್ಗಿ ಬಂದು ಮುಳ್ಳು ಗಿರಗಿರ ತಿರುಗುವುದನ್ನು ಕಂಡು ಭಾವ ಗಾಬರಿಯಾದರು. ನೀರು ಬಿಟ್ಟುಬಿಟ್ಟು ಕೊಡುವ ಊರಿನಲ್ಲಿ ಇದು ಇದ್ದದ್ದೇ.

ಲೈನಿಗೆ ನೇರ ಮೋಟರ್ ಹಾಕಿ ಎಳೆಯುವ ಚಾಳಿ ಒಂದಿದೆ. ಸಿಕ್ಕಿಬಿದ್ದರೆ ದಂಡ, ಮೋಟರ್ ಜಪ್ತಿ. ಅದಕ್ಕಿಂತ ದೊಡ್ಡ ಅಪಾಯ ಆಗಲೇ ಹೇಳಿದೆ. ಬಿರುಕು ತಾನಾಗಿ ಹೀರುವುದೇ ಸಾಕು, ಮೋಟರ್ ಇಟ್ಟು ಹೀರಿಸಿದರೆ ಇನ್ನೇನಾದೀತು?

ಸಂಪಿನ ಅಳತೆ, ಬಿಲ್ಲಿನ ಲೆಕ್ಕ

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ. ಐದು ಜನರಿಗೆ 675 ಲೀಟರ್. ಎರಡು ದಿನಕ್ಕೊಮ್ಮೆ ನೀರು, ಅದರಲ್ಲೂ ಒಂದು ಸರದಿ ತಪ್ಪಬಹುದು ಅಂದುಕೊಂಡರೆ ನಾಲ್ಕು ದಿನಕ್ಕೆ 2,700 ಲೀಟರ್ ಸಾಕು. ಆದರೂ ಎಲ್ಲರೂ ದೊಡ್ಡ ಸಂಪೇ ಕಟ್ಟಿಸುತ್ತಾರೆ, ಯಾಕೆಂದರೆ ಸಣ್ಣ ಟ್ಯಾಂಕರ್ ತರುವುದೇ 6,000 ಲೀಟರ್. ಆರಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪಿನಲ್ಲಿ ಸುಮಾರು 6,100 ಲೀಟರ್ ಹಿಡಿಯುತ್ತದೆ. ಬೆಂಗಳೂರಿನ ಸಂಪಿನ ಅಳತೆಯನ್ನು ಕಾವೇರಿಗಿಂತ ಜಾಸ್ತಿ ನಿರ್ಧಾರ ಮಾಡಿದ್ದು ಟ್ಯಾಂಕರೇ ಅಂತ ನನಗನ್ನಿಸುತ್ತದೆ.

ಕನೆಕ್ಷನ್ನಿಗೆ ಇಷ್ಟೆಲ್ಲ ದುಡ್ಡು, ಓಡಾಟ ಬೇಕಾ ಅಂತ ಕೇಳುವವರಿಗೆ ಒಂದು ಲೆಕ್ಕ. ನೀರಿನ ದರ 2014ರಿಂದ ಹಾಗೇ ಇತ್ತು. 2025ರ ಏಪ್ರಿಲಿನಲ್ಲಿ ಏರಿತು. ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ ಇದ್ದದ್ದು ಎಂಟೂವರೆ ಆಯಿತು. ಅಲ್ಲಿಂದ 25,000 ಲೀಟರ್‌ವರೆಗೆ 11 ಇದ್ದದ್ದು 15. ತಿಂಗಳಿಗೆ 20,000 ಲೀಟರ್ ಬಳಸುವ ಮನೆಗೆ ಆ ದರದಲ್ಲಿ ನೀರಿನ ಬಾಬ್ತು 68 ಮತ್ತು 180, ಒಟ್ಟು 248 ರೂಪಾಯಿ. ಒಳಚರಂಡಿ, ಮೀಟರ್ ಅಂತ ಇನ್ನಷ್ಟು ಸೇರುತ್ತದೆ. ಅದೇ ನೀರು ಟ್ಯಾಂಕರಿನಲ್ಲಿ? 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ದರ ಕಟ್ಟುನಿಟ್ಟು ಮಾಡಿದಾಗ ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ ನಿಗದಿಯಾಗಿತ್ತು. ಆ ಲೆಕ್ಕದಲ್ಲೂ 20,000 ಲೀಟರಿಗೆ 1,600 ದಾಟುತ್ತದೆ. ಆ ಬೇಸಿಗೆಯಲ್ಲಿ ಅಷ್ಟಕ್ಕೆ ಯಾರಿಗೆ ಸಿಕ್ಕಿತು ಅನ್ನುವುದು ಬೇರೆ ಮಾತು.

ಇನ್ನೊಂದು: ಮನೆ ಕಟ್ಟುವ ಕೆಲಸಕ್ಕೆ ಕಾವೇರಿ ನೀರು ಬಳಸಬೇಡಿ. ಆ ಬರದ ವರ್ಷ ಕಾರು ತೊಳೆಯಲು, ತೋಟಕ್ಕೆ, ಕಟ್ಟಡಕ್ಕೆ ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ಹಾಕಿದರು. ಕಟ್ಟಡದ ಕೆಲಸಕ್ಕೆ ಸಂಸ್ಕರಿಸಿದ ನೀರನ್ನು ಮಂಡಳಿಯೇ ಕೊಡುತ್ತದೆ.

ಮೀಟರ್ ಕೂರಿಸಿದ ಮೇಲೆ ಒಂದು ಆರ್‌ಆರ್ ನಂಬರ್ ಸಿಗುತ್ತದೆ. ಬಿಲ್ಲು, ದೂರು, ಹೆಸರು ಬದಲಾವಣೆ, ಎಲ್ಲಕ್ಕೂ ಅದೇ ಬೇಕು. ಗೋಡೆಯ ಮೇಲೆ ಬರೆದಿಡುವವರೂ ಇದ್ದಾರೆ, ತಪ್ಪಿಲ್ಲ. ಮೊದಲ ದಿನದ ಮೀಟರ್ ಅಂಕಿಯನ್ನು ಫೋಟೋ ತೆಗೆದಿಡಿ. ಮೊದಲ ಸಲ ಬರುವ ನೀರು ಕೆಂಪಗಿರುತ್ತದೆ, ಒಂದರ್ಧ ಗಂಟೆ ಗಿಡಗಳಿಗೆ ಬಿಟ್ಟು ಆಮೇಲೆ ಸಂಪಿಗೆ ತಿರುಗಿಸಿ.

ಇನ್ನೂ ಒಂದು ಫೋಟೋ ತೆಗೆಯಿರಿ, ಗುಂಡಿ ಮುಚ್ಚುವ ಮೊದಲು. ನಮ್ಮ ಪ್ಲಂಬರ್ ಟೇಪನ್ನು ಗೇಟಿನ ಎಡಗಂಬದಿಂದ ಪೈಪಿನವರೆಗೆ ಎಳೆದು ಹಿಡಿದು, "ತೆಗೀರಿ ಸಾರ್, ಆಳದ್ದೂ ಒಂದು ತೆಗೀರಿ" ಅಂದಿದ್ದ. ತೆಗೆದೆ. ಏಳೆಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಕನ ಫೋನು. ಯಾವುದೋ ಕೇಬಲ್ಲಿನವರು ಗೇಟಿನ ಮುಂದೆ ಸಲಾಕೆ ಹಿಡಿದು ನಿಂತಿದ್ದಾರಂತೆ, ಪೈಪ್ ಎಲ್ಲಿದೆ ಅಂತ ಕೇಳುತ್ತಿದ್ದಾರಂತೆ. ಫೋಟೋ ಕಳಿಸಿದೆ. ಕಂಬದಿಂದ ನಾಲ್ಕಡಿ, ಎರಡೂವರೆ ಅಡಿ ಆಳ. ಆ ಹುಡುಗ ಮೊಬೈಲನ್ನು ಒಂದು ಸಲ ನೋಡಿ, ನೆಲವನ್ನು ಒಂದು ಸಲ ನೋಡಿ, ತಾನು ಆಗಲೇ ಹಾಕಿದ್ದ ಸುಣ್ಣದ ಗುರುತನ್ನು ಕಾಲಲ್ಲಿ ಒರೆಸಿ ಆಚೆ ಸರಿದನಂತೆ.